ಪ್ರತಿಕ್ರಿಯೆ: ಪ್ಯಾರಮೀಸಿಯಂ ಕೂದಲಿಗೆ ಬೇರು ಇದೆಯೇ?

ಹಾಸನದ ಕೆರೆ ನೀರಿನಲ್ಲಿ ಪ್ಯಾರಮೀಸಿಯಂ (ಒಂದೇ ಕೋಶದ ಸೂಕ್ಷ್ಮಜೀವಿ) ನೋಡಿದೆ, ಅದರ ಕೂದಲು ಸುಮ್ನೆ ಮೈಗೆ ಅಂಟಿಕೊಂಡಿದೆಯಾ, ಒಳಗೆ ಬೇರಿದೆಯಾ ಎಂದು ಕೇಳಿದ್ದೀರಿ. ಬೇರು ಇದೆ. ನಿಮ್ಮ ಕಾಲೇಜು ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಅಷ್ಟೇ.

ಈ ಕೂದಲಿಗೆ ಸಿಲಿಯಾ ಎನ್ನುತ್ತಾರೆ. ಪ್ರತಿ ಸಿಲಿಯಾದ ಬುಡದಲ್ಲಿ, ಮೈಪದರದ ಕೆಳಗೆ, ಬೇಸಲ್ ಬಾಡಿ ಎಂಬ ಪುಟ್ಟ ಕೊಳವೆ ಇರುತ್ತದೆ. ಸಿಲಿಯಾದೊಳಗೆ ಸುತ್ತಲೂ 9 ಜೋಡಿ ನಳಿಗೆಗಳು, ನಡುವೆ 2. ಬುಡಕ್ಕೆ ಬಂದರೆ ಆ ನಡುವಿನ ಎರಡು ಇಲ್ಲ, ಸುತ್ತಲಿನ ಒಂಬತ್ತೂ ಮೂರು ಮೂರರ ಗುಂಪು. ಪ್ರತಿ ಬುಡದಿಂದ ಒಂದು ನಾರು ಹೊರಟು ಮುಂದಕ್ಕೆ ಚಾಚುತ್ತದೆ. ಅದು ಮುಂದಿನ ಬುಡಗಳ ನಾರುಗಳ ಜೊತೆ ಸೇರಿ, ಬುಡಗಳ ಸಾಲಿನ ಬಲಕ್ಕೆ ಹಗ್ಗ ಹೊಸೆದ ಹಾಗೆ ಕಾಣುತ್ತದೆ. ಈ ಸಾಲಿಗೆ ಕೈನೆಟಿ ಎನ್ನುತ್ತಾರೆ. ನಮ್ಮ ಚಿಕ್ಕಮಗಳೂರು ಕಡೆ ತೋಟದಲ್ಲಿ ಕಾಫಿ ಗಿಡ ಸಾಲಾಗಿ ನೆಟ್ಟಿರುತ್ತೇವಲ್ಲ, ಹಾಗೆ. ಆದರೆ ಇಲ್ಲಿ ಪ್ರತಿ ಗಿಡದ ಬೇರೂ ಒಂದೇ ದಿಕ್ಕಿಗೆ!

ನನಗೆ ಜಾಸ್ತಿ ಇಷ್ಟವಾದ ವಿಷಯ ಬೇರೆ. 1965ರಲ್ಲಿ ಬೆಸೋನ್ ಮತ್ತು ಸೋನೆಬಾರ್ನ್ ಎಂಬ ವಿಜ್ಞಾನಿಗಳು ಕೆಲವು ಸಾಲು ತಿರುಗುಮುರುಗಾಗಿದ್ದ ಪ್ಯಾರಮೀಸಿಯಂಗಳನ್ನು ಬೆಳೆಸಿ ನೋಡಿದರು. ಜೀನ್ ಬದಲಾಗಿರಲಿಲ್ಲ. ಆದರೂ ಆ ತಿರುಗು ಸಾಲು ನೂರಾರು ತಲೆಮಾರು ಹಾಗೇ ಉಳಿಯಿತು. ಹೊಸ ಬುಡ ಹಳೆಯದರ ಮುಂದೆಯೇ, ಅದರ ದಿಕ್ಕನ್ನೇ ನೋಡಿಕೊಂಡು ಹುಟ್ಟುತ್ತದೆ, ಅದಕ್ಕೆ.

ಸಾಲು ಕಣ್ಣಾರೆ ನೋಡಬೇಕಾದರೆ ಬೆಳ್ಳಿಯ ರಾಸಾಯನಿಕದಿಂದ ಬಣ್ಣ ಹಾಕಿದ ಸ್ಲೈಡ್ ಇದೆಯಾ ಎಂದು ನಿಮ್ಮ ಲ್ಯಾಬಿನಲ್ಲಿ ಕೇಳಿ. ಬುಡಗಳು ಕಪ್ಪು ಚುಕ್ಕಿಗಳಾಗಿ ಕಾಣುತ್ತವೆ.