ಅಂಗಡಿಯಲ್ಲಿ ಒಂದು ಬಣ್ಣ, ಮನೆಯಲ್ಲಿ ಇನ್ನೊಂದು

ಶಿಡ್ಲಘಟ್ಟದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

"ನಾನು ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತೇನೆ. ಅಂಗಡಿಯಲ್ಲಿ ಸೀರೆ ಪಕ್ಕ ಇಟ್ಟು ನೋಡಿಯೇ ದಾರ ತರುತ್ತೇನೆ. ಅಲ್ಲಿ ಸರಿಯಾಗಿ ಹೊಂದುತ್ತೆ. ಮನೆಗೆ ಬಂದು ಬಾಗಿಲ ಬಳಿ ನೋಡಿದರೆ ಬೇರೆ ಬಣ್ಣ. ಡಬಲ್ ಶೇಡ್ ಸೀರೆ ಬಂದರಂತೂ ಯಾವ ದಾರ ಹಾಕಬೇಕೋ ಗೊತ್ತಾಗಲ್ಲ. ಇದರ ಮಧ್ಯೆ ಮಕ್ಕಳ ಜಗಳ ಬೇರೆ. ಮೂಲ ಬಣ್ಣ ಕೆಂಪು, ಹಳದಿ, ನೀಲಿ ಅಂತ ಮಗಳ ಡ್ರಾಯಿಂಗ್ ಪುಸ್ತಕದಲ್ಲಿದೆ. ಡಿಟಿಪಿ ಕಲಿಯುತ್ತಿರುವ ಮಗ, ಅಲ್ಲ, ಕೆಂಪು, ಹಸಿರು, ನೀಲಿ ಅಂತಾನೆ. ಬಣ್ಣಕ್ಕೆ ಒಂದು ಲೆಕ್ಕ ಅಂತ ಇದೆಯಾ, ಇಲ್ಲ ಎಲ್ಲಾ ಕಣ್ಣಂದಾಜೇನಾ?"

ಸಂಪಾದಕರ ಉತ್ತರ:

ಲೆಕ್ಕ ಇದೆ. ಆದರೆ ಅದು ಶುರುವಾಗುವುದು ದಾರದಿಂದಲ್ಲ, ಬೆಳಕಿನಿಂದ.

ದಾರ ಮಾಡುವ ಕೆಲಸ ಇಷ್ಟೇ: ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ನುಂಗುತ್ತದೆ, ಉಳಿದದ್ದನ್ನು ವಾಪಸ್ ಬಿಡುತ್ತದೆ. ಹಾಗೆ ವಾಪಸ್ ಬಂದದ್ದೇ ನಿಮಗೆ ಕಾಣುವ ಬಣ್ಣ. ಬಿಸಿಲಿನ ಬಿಳುಪಿನಲ್ಲಿ ಕಾಮನಬಿಲ್ಲಿನ ಬಣ್ಣಗಳೆಲ್ಲ ಸೇರಿವೆ ಎಂದು 1660ರ ದಶಕದಲ್ಲೇ ನ್ಯೂಟನ್ ಗಾಜಿನ ಪಟ್ಟಕ ಹಿಡಿದು ತೋರಿಸಿದ. ಟ್ಯೂಬ್‌ಲೈಟ್ ಹಾಗಲ್ಲ. ಕಣ್ಣಿಗೆ ಬೆಳ್ಳಗೆ ಕಂಡರೂ ಅದರ ಬೆಳಕಿನಲ್ಲಿ ಕೆಲವು ಬಣ್ಣ ಜಾಸ್ತಿ, ಕೆಲವು ತೀರಾ ಕಮ್ಮಿ. ಅಗ್ಗದ ಎಲ್‌ಇಡಿ ಬಲ್ಬಿನಲ್ಲಿ ಕಡುಗೆಂಪು ಸಾಲದು.

ಈಗ ನಿಮ್ಮ ದಾರದ ಕಥೆಗೆ ಬನ್ನಿ. ಸೀರೆ ಅಸಲಿ ರೇಷ್ಮೆ. ಕುಚ್ಚಿನ ದಾರ ಎಷ್ಟೋ ಸಲ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಎರಡಕ್ಕೂ ಹಾಕುವ ಬಣ್ಣದ ರಾಸಾಯನಿಕ ಬೇರೆ ಬೇರೆ. ಹಾಗಾಗಿ ಅವು ಬೆಳಕನ್ನು ನುಂಗುವ ರೀತಿಯೂ ಬೇರೆ. ಅಂಗಡಿಯ ಬೆಳಕಿನಲ್ಲಿ ಎರಡರ ಲೆಕ್ಕವೂ ಹೇಗೋ ಸರಿಹೋಗಿ ಒಂದೇ ಮೆರೂನ್ ಆಗಿ ಕಾಣುತ್ತದೆ. ಹಗಲ ಬೆಳಕಿಗೆ ಬಂದ ಕೂಡಲೇ ಒಂದು ಕಂದಿಗೆ ತಿರುಗುತ್ತದೆ, ಇನ್ನೊಂದು ನೇರಳೆಗೆ. ನಿಮ್ಮ ಕಣ್ಣಲ್ಲಿ ದೋಷವಿಲ್ಲ, ಅಂಗಡಿಯವರದ್ದೂ ಮೋಸವಲ್ಲ. ಸೀರೆ, ದಾರ ಎರಡನ್ನೂ ಹಿಡಿದು ಅಂಗಡಿಯ ಬಾಗಿಲಿಗೆ ಬಂದು, ನೆರಳಿನಲ್ಲಿ ನಿಂತು ನೋಡಿ. ನೇರ ಬಿಸಿಲು ಬೇಡ, ರೇಷ್ಮೆ ಹೊಳೆದು ಕಣ್ಣಿಗೆ ಹೊಡೆಯುತ್ತದೆ. ಉತ್ತರದ ಕಿಟಕಿ ಒಳ್ಳೆಯದು ಎನ್ನುತ್ತಾರೆ ಚಿತ್ರಕಾರರು. ಅದು ಯುರೋಪಿನ ಮಾತು. ನಮ್ಮ ಕಡೆ ಮೇ, ಜೂನ್, ಜುಲೈನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೇ ಹೋಗಿರುತ್ತಾನೆ! ಮನೆಯಲ್ಲಿ ರಾತ್ರಿ ಕೆಲಸ ಮಾಡುವುದಾದರೆ ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ ಎಂಬ ಅಂಕಿ ಹುಡುಕಿ. ಆ ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂದು ಅದು ಹೇಳುತ್ತದೆ. 100ಕ್ಕೆ 90ರ ಮೇಲಿದ್ದರೆ ತನ್ನಿ. ಮದುವೆ ಸೀರೆಯಾದರೆ ಛತ್ರದ ಹಳದಿ ಬೆಳಕನ್ನೂ ನೆನಪಿಡಿ, ಕುಚ್ಚನ್ನು ನೆಂಟರು ನೋಡುವುದು ಅಲ್ಲೇ ಅಲ್ವಾ?

ಬೆಳಕು ಸರಿಯಿದ್ದರೂ ಇನ್ನೊಂದು ತಂಟೆ ಇದೆ: ಪಕ್ಕದ ಬಣ್ಣ. ಇದು ಹೊರಬಿದ್ದದ್ದೇ ನೂಲಿನಿಂದ. ಶೆವ್ರಲ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ 1824ರಲ್ಲಿ ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾದ. ಕಪ್ಪು ನೂಲು ಸೊರಗಿದೆ, ನೀಲಿ, ನೇರಳೆಯ ಜೊತೆ ನೇಯ್ದರೆ ಕಪ್ಪಗೇ ಕಾಣಲ್ಲ ಎಂಬ ದೂರು ಬರುತ್ತಿತ್ತು. ಆತ ಬೇರೆ ಕಡೆಯ ಕಪ್ಪು ನೂಲನ್ನೂ ತರಿಸಿ ಹೋಲಿಸಿ ನೋಡಿದ. ನೂಲಿನಲ್ಲಿ ತಪ್ಪಿರಲಿಲ್ಲ, ತಪ್ಪು ನೆರೆಯ ನೀಲಿಯದು. ಒಂದು ಬಣ್ಣ ತನ್ನ ಪಕ್ಕದ್ದನ್ನು ತನ್ನ ಎದುರು ಬಣ್ಣದ, ಅಂದರೆ ಬಣ್ಣದ ಚಕ್ರದಲ್ಲಿ ತನಗೆ ನೇರ ಎದುರಿಗಿರುವ ಬಣ್ಣದ ಕಡೆಗೆ ತಳ್ಳುತ್ತದೆ. ನೀಲಿಯ ಪಕ್ಕ ಕಪ್ಪಿಗೆ ಕಿತ್ತಳೆಯ ಛಾಯೆ ಬಂದು ಅದು ಕಂದಾಗಿ ಕಾಣುತ್ತದೆ. ಇದನ್ನೆಲ್ಲ ಆತ 1839ರಲ್ಲಿ ದೊಡ್ಡ ಪುಸ್ತಕವಾಗಿ ತಂದ.

ನೀವೇ ನೋಡಬಹುದು. ಬೂದು ದಾರದ ಒಂದೇ ಉಂಡೆಯಿಂದ ಎರಡು ತುಂಡು ಕತ್ತರಿಸಿ. ಒಂದನ್ನು ಕುಂಕುಮ ಬಣ್ಣದ ಬಟ್ಟೆ ಮೇಲಿಡಿ, ಇನ್ನೊಂದನ್ನು ಗಿಳಿ ಹಸಿರಿನ ಮೇಲೆ. ಮೊದಲನೆಯದು ಸ್ವಲ್ಪ ಹಸಿರಾಗುತ್ತದೆ, ಎರಡನೆಯದು ಕೆಂಪಗಾಗುತ್ತದೆ. ಅದಕ್ಕೇ ದಾರವನ್ನು ಉಂಡೆಯಲ್ಲಿ ನೋಡಿ ಆರಿಸಬೇಡಿ. ನಾಲ್ಕೆಳೆ ಬಿಚ್ಚಿ ಸೆರಗಿನ ಮೇಲೇ ಇಡಿ.

ಮಕ್ಕಳ ಜಗಳಕ್ಕೆ ಬರೋಣ. ಇಬ್ಬರೂ ಸರಿ, ಅವರು ಮಾತಾಡುತ್ತಿರುವ ವಸ್ತು ಬೇರೆ. ಮೊಬೈಲಿನ ಪರದೆ ಮೇಲೆ ಬಿಳಿ ಪುಟ ತೆರೆದು ಸೂಜಿ ಮೊನೆಯಷ್ಟು ನೀರು ಇಡಿ. ಆ ಹನಿಯೊಳಗೆ ಕೆಂಪು, ಹಸಿರು, ನೀಲಿ ಚುಕ್ಕೆ ಕಾಣುತ್ತವೆ. ಬಿಳಿ ಎಲ್ಲೂ ಇಲ್ಲ. ಹಳದಿ ತೋರಿಸಬೇಕಾದರೂ ಫೋನು ಉರಿಸುವುದು ಕೆಂಪು ಮತ್ತು ಹಸಿರನ್ನೇ. ಇಲ್ಲಿ ಬೆಳಕಿಗೆ ಬೆಳಕು ಕೂಡುತ್ತದೆ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಅದಕ್ಕೇ ಈ ಮೂರು ಸಾಕು. ಸ್ಕಾಟ್ಲೆಂಡಿನ ವಿಜ್ಞಾನಿ ಮ್ಯಾಕ್ಸ್‌ವೆಲ್ 1861ರಲ್ಲಿ ಇದೇ ಮೂರು ಬೆಳಕು ಸೇರಿಸಿ ಒಂದು ರಿಬ್ಬನ್ನಿನ ಬಣ್ಣದ ಫೋಟೋ ತೋರಿಸಿದ್ದ.

ಶಾಯಿಯಲ್ಲಿ ನಡೆಯುವುದು ಕಳೆಯುವ ಲೆಕ್ಕ. ದಿನಪತ್ರಿಕೆಯ ಬಣ್ಣದ ಪುಟದ ಅಂಚಿನಲ್ಲಿ ಪುಟ್ಟ ನಾಲ್ಕು ಚುಕ್ಕೆ ನೋಡಿರುತ್ತೀರಿ. ತಿಳಿನೀಲಿಯಂಥ ಸಯಾನ್, ರಾಣಿ ಬಣ್ಣದಂಥ ಮಜೆಂಟಾ, ಹಳದಿ, ಕಪ್ಪು. ಮೊದಲ ಮೂರು ಸೇರಿದರೆ ಸರಿಯಾದ ಕಪ್ಪು ಬರದೆ ಕೆಸರುಗಂದು ಬರುತ್ತದೆ, ಹಾಗಾಗಿ ಕಪ್ಪು ಬೇರೆ. ನಮ್ಮ ಮುಖಪುಟದ ಗಿಳಿ ಹಸಿರು ಕಂಪ್ಯೂಟರಿನಲ್ಲಿ ಕುಣಿಯುತ್ತಿರುತ್ತದೆ, ಅಚ್ಚಾಗಿ ಬಂದಾಗ ಸಪ್ಪೆ. ಪ್ರೆಸ್ಸಿನವರನ್ನು ಬೈದು ಪ್ರಯೋಜನವಿಲ್ಲ, ಪರದೆ ತೋರುವ ಎಲ್ಲ ಬಣ್ಣ ಶಾಯಿಗೆ ಸಿಗುವುದಿಲ್ಲ. ಮಗನಿಗೆ ಇದು ಬೇಗ ಗೊತ್ತಾದಷ್ಟೂ ಒಳ್ಳೆಯದು.

ಕೆಂಪು, ಹಳದಿ, ನೀಲಿ ಎಂಬುದು ಚಿತ್ರಕಾರರ ಹಳೆಯ ವಾಡಿಕೆ. ಶಾಲೆಯ ಕೆಲಸಕ್ಕೆ ಸಾಕು, ಮಗಳು ಪರೀಕ್ಷೆಯಲ್ಲಿ ಅದನ್ನೇ ಬರೆಯಲಿ. ಆದರೆ ಕೆಂಪಿಗೆ ನೀಲಿ ಬೆರೆಸಿ ಮಂಕು ನೇರಳೆ ಬಂತು ಅಂತ ಅತ್ತರೆ, ಕೆಂಪಿನ ಬದಲು ಮಜೆಂಟಾ ಕೊಡಿ.

ಬಣ್ಣದ ಚಕ್ರ, ಎದುರು ಬಣ್ಣ, ಪಕ್ಕದ ಬಣ್ಣ ಅಂತ ಮಗ ಹೇಳುತ್ತಿರಬಹುದು. ಸುಮ್ನೆ ತಿಳಿದಿರಲಿ, ಅದಕ್ಕೆ ಜೋತುಬೀಳಬೇಡಿ. ನನ್ನ ಪ್ರಕಾರ ಅದಕ್ಕಿಂತ ಮುಖ್ಯ ತಿಳಿಯೋ ಗಾಢವೋ ಎಂಬುದು. 1905ರಲ್ಲಿ ಅಮೆರಿಕದ ಚಿತ್ರಕಾರ ಮನ್ಸೆಲ್ ಬಣ್ಣ ಅಳೆಯಲು ಮೂರು ಅಳತೆ ಇಟ್ಟ: ಯಾವ ಬಣ್ಣ, ಎಷ್ಟು ತಿಳಿ, ಎಷ್ಟು ಕಡು (ಮಂಕೋ, ಕಣ್ಣಿಗೆ ಹೊಡೆಯುವಂಥದ್ದೋ). ಜನ ಮೊದಲನೆಯದಕ್ಕೇ ಗಂಟುಬೀಳುತ್ತಾರೆ. ಸೀರೆ, ದಾರ ಎರಡರದ್ದೂ ಫೋಟೋ ತೆಗೆದು ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ. ಎರಡೂ ಒಂದೇ ಬೂದಾದರೆ ಕುಚ್ಚು ದೂರಕ್ಕೆ ಎದ್ದು ಕಾಣುವುದಿಲ್ಲ, ಬಣ್ಣ ಎಷ್ಟೇ ಬೇರೆಯಿರಲಿ.

ಕೊನೆಗೆ ಡಬಲ್ ಶೇಡ್. ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡದ ಎಳೆ) ಇನ್ನೊಂದು. ಎರಡೂ ಬೆರೆಯುವುದು ನೋಡುವವರ ಕಣ್ಣಲ್ಲಿ. ಅದಕ್ಕೇ ನವಿಲು ಬಣ್ಣದ ಸೀರೆಗೆ ಸರಿಯಾದ ಒಂದೇ ದಾರ ಯಾವ ಅಂಗಡಿಯಲ್ಲೂ ಸಿಗದು. ಸೆರಗಿನ ತುದಿಯಲ್ಲಿ ನೇಯದೆ ಬಿಟ್ಟ ಎಳೆಗಳು ಹಾಸಿನವು. ಅಲ್ಲೇ ಒಂದು ಅಡ್ಡ ಎಳೆ ಬಿಡಿಸಿಕೊಳ್ಳಿ, ಅದು ಹೊಕ್ಕು. ಎರಡಕ್ಕೂ ಬೇರೆ ಬೇರೆ ದಾರ ಹೊಂದಿಸಿ ಒಂದೇ ಕುಚ್ಚಿಗೆ ಅರ್ಧರ್ಧ ಸೇರಿಸಿ ಕಟ್ಟಿ. ಎರಡು ಮಾರು ದೂರ ನಿಂತು ನೋಡಿ. ಯಾವುದಾದರೂ ಒಂದು ಜಾಸ್ತಿ ಕಂಡರೆ ಅದರಲ್ಲಿ ಮೂರು ನಾಲ್ಕು ಎಳೆ ತೆಗೆಯಿರಿ.