ಪ್ರಾರ್ಥನೆ ಮಾಡಿದರೂ ಭಯ ಹೋಗುತ್ತಿಲ್ಲ, ದೇವರು ನನ್ನನ್ನು ಕಾಯುತ್ತಿಲ್ಲವೇ?

ರಾತ್ರಿ ಮಲಗಿದರೆ ಭಯ ಆಗುತ್ತದೆ, ದೇವರು ಕೈಬಿಟ್ಟಿದ್ದಾನೆ ಅನಿಸುತ್ತದೆ, ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ ಎಂದು ಬರೆದಿದ್ದೀರಿ. ಸಭೆಯಲ್ಲಿ ಒಬ್ಬರ ಹತ್ತಿರ ಹೇಳಿಕೊಂಡರೆ "ನಿಮ್ಮ ನಂಬಿಕೆ ಸಾಲದು, ಅದಕ್ಕೇ ಸೈತಾನ ಕಾಡುತ್ತಿದ್ದಾನೆ" ಅಂದರಂತೆ. ಈ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮಗೆ ಜಾಸ್ತಿ ನೋವಾಗಿರುವುದು ಇದರಿಂದಲೇ ಅನಿಸುತ್ತದೆ.

ಲೂಕನ ಸುವಾರ್ತೆಯ 22ನೇ ಅಧ್ಯಾಯ ತೆಗೆದು ನೋಡಿ. ಶಿಷ್ಯರ ಜೊತೆ ಕೊನೆಯ ಊಟ ನಡೆಯುತ್ತಿದೆ. ಸೈತಾನ ನಿಮ್ಮನ್ನು ಗೋದಿಯಂತೆ ಒನೆಯಲು ಅಪ್ಪಣೆ ಕೇಳಿಕೊಂಡಿದ್ದಾನೆ, ಆದರೆ ನಿನ್ನ ನಂಬಿಕೆ ಕುಂದಿಹೋಗಬಾರದು ಅಂತ ನಾನು ನಿನಗಾಗಿ ಬೇಡಿಕೊಂಡಿದ್ದೇನೆ ಎಂದು ಯೇಸು ಪೇತ್ರನಿಗೆ ಹೇಳುತ್ತಾನೆ. ಒನೆಯುವುದನ್ನೇ ತಡೆದುಬಿಡುತ್ತೇನೆ ಅಂತ ಆತ ಹೇಳಲಿಲ್ಲ. ಮೊರದಲ್ಲಿ ಒನೆಯುವಾಗ ಜೊಳ್ಳಿನ ಜೊತೆ ಕಾಳೂ ಮೇಲಕ್ಕೆ ಹಾರುತ್ತದೆ, ಅಲ್ವಾ? ಆ ಗಳಿಗೆಯಲ್ಲಿ ನೋಡಿದರೆ ಯಾವುದು ಉಳಿಯುತ್ತದೆ ಅಂತ ಹೇಳುವುದು ಕಷ್ಟ. ಪೇತ್ರನಿಗೂ ಹಾಗೇ ಆಯಿತು. ಅದೇ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿದ್ದವನು, ಒಬ್ಬ ದಾಸಿ ಗುರುತು ಹಿಡಿದದ್ದಕ್ಕೆ ಹೆದರಿ, ಆತನನ್ನು ನಾನರಿಯೆ ಅಂದುಬಿಟ್ಟ. ಮತ್ತೆ ಎರಡು ಸಲ ಅದನ್ನೇ ಹೇಳಿದ. ಆಮೇಲೆ ಹೊರಗೆ ಹೋಗಿ ಬಹಳವಾಗಿ ಅತ್ತ.

ಹಾಗಾದರೆ ಯೇಸುವಿನ ಪ್ರಾರ್ಥನೆ ವ್ಯರ್ಥವಾಯಿತೇ? ಇಲ್ಲ. ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಅಂತ ಆತ ಮೊದಲೇ ಹೇಳಿದ್ದ. "ತಿರುಗಿಕೊಂಡರೆ" ಅನ್ನಲಿಲ್ಲ. ಪೇತ್ರ ಬೀಳುವ ಮುಂಚೆಯೇ ಅವನು ಎದ್ದು ಬರುವುದನ್ನು ಆತ ಬೇಡಿಕೊಂಡಾಗಿತ್ತು. ದೇವರ ಕಾಪಾಡುವಿಕೆ ಅಂದರೆ ನನಗೆ ಇದೇ. ಭಯ ಬಂತು, ಮಾತು ನಿಂತಿತು ಅಂದ ಮಾತ್ರಕ್ಕೆ ನೀವು ಆತನ ಕೈಯಿಂದ ಜಾರಿಲ್ಲ. ಜಾರಿದ್ದರೆ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ಗರ್ಜಿಸುವ ಸಿಂಹದ ಹಾಗೆ ಸೈತಾನ ತಿರುಗಾಡುತ್ತಾನೆ ಅನ್ನುವ ಎಚ್ಚರಿಕೆ ಇರುವುದೂ ಪೇತ್ರನ ಮೊದಲನೆಯ ಪತ್ರಿಕೆಯಲ್ಲೇ, 5ನೇ ಅಧ್ಯಾಯದಲ್ಲಿ. ಅದರ ಹಿಂದಿನ ವಚನ, ನಿಮ್ಮ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿ ಅನ್ನುತ್ತದೆ. ಮುಂದಿನ ವಚನ, ಲೋಕದಲ್ಲಿರುವ ನಿಮ್ಮ ಸಹೋದರರಿಗೂ ಇದೇ ಬಾಧೆಗಳಿವೆ ಅನ್ನುತ್ತದೆ. ನಿಮ್ಮೊಬ್ಬರಲ್ಲಿ ಏನೋ ಕೊರತೆ ಇದೆ ಅನ್ನುವ ಆರೋಪ ಅಲ್ಲೆಲ್ಲೂ ಇಲ್ಲ.

ಈಗ ಇದನ್ನೆಲ್ಲ ಎದುರಿಸುವ ಬಲದ ವಿಷಯ. ಎಫೆಸದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಬರುವ, ಸೈತಾನನನ್ನು ಎದುರಿಸಲು ದೇವರು ಕೊಡುವ ಸರ್ವಾಯುಧಗಳ ಬಗ್ಗೆ ನೀವು ಪ್ರಸಂಗ ಕೇಳೇ ಇರುತ್ತೀರಿ. ಅಲ್ಲಿನ ನಂಬಿಕೆಯೆಂಬ ಗುರಾಣಿಯನ್ನು ಸ್ವಲ್ಪ ಗಮನಿಸಿ. ರೋಮನ್ ಕಾಲಾಳಿನ ದೊಡ್ಡ ಗುರಾಣಿ ಹೆಚ್ಚು ಕಡಿಮೆ ನಾಲ್ಕಡಿ ಎತ್ತರ ಇರುತ್ತಿತ್ತು. ತೆಳು ಹಲಗೆಗಳನ್ನು ಅಂಟಿಸಿ, ಮೇಲೆ ಚರ್ಮ ಹೊದಿಸಿ ಮಾಡುತ್ತಿದ್ದರು. ಬಾಣದ ಮಳೆ ಬಂದಾಗ ಸಿಪಾಯಿಗಳು ಒತ್ತೊತ್ತಾಗಿ ನಿಂತು ಗುರಾಣಿಗೆ ಗುರಾಣಿ ಸೇರಿಸುತ್ತಿದ್ದರು. ಆ ಪತ್ರಿಕೆ ಬರೆದ ಅಪೊಸ್ತಲ ಪೌಲ ಆ ಮಾತನ್ನು ಒಬ್ಬಂಟಿ ವೀರನಿಗೆ ಬರೆಯಲಿಲ್ಲ, ಸಭೆಗೆ ಬರೆದ. ಕೆಲವೇ ವಚನ ದಾಟಿದರೆ, ಸೆರೆಯಲ್ಲಿದ್ದ ಅವನೇ ನನಗೋಸ್ಕರವೂ ಪ್ರಾರ್ಥನೆ ಮಾಡಿ ಅಂತ ಕೇಳಿಕೊಳ್ಳುತ್ತಾನೆ. ಬಿಡುಗಡೆಗಾಗಿ ಕೇಳಲಿಲ್ಲ, ಧೈರ್ಯವಾಗಿ ಮಾತಾಡಲು ಆಗಲಿ ಅಂತ ಕೇಳಿದ. ಅಪೊಸ್ತಲನಿಗೇ ಬೇರೆಯವರ ಪ್ರಾರ್ಥನೆ ಬೇಕಿತ್ತು ಅಂದ ಮೇಲೆ ನಮಗೆ ಬೇಡವೇ?

ನನ್ನ ಅಮ್ಮ ತೀರಿಕೊಂಡ ಮೇಲೆ ನನಗೂ ಪ್ರಾರ್ಥನೆ ನಿಂತುಹೋಗಿತ್ತು. ನಮ್ಮ ಸಭೆಯ ಒಬ್ಬ ಅಜ್ಜಿ ಸಂಜೆ ಹೊತ್ತು ಮನೆಗೆ ಬರುತ್ತಿದ್ದರು. ಉಪದೇಶ ಮಾಡುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು, ಬೈಬಲ್‌ನ ಸಾಲಿನ ಕೆಳಗೆ ಬೆರಳಿಟ್ಟು, 121ನೇ ಕೀರ್ತನೆಯನ್ನು ನಿಧಾನವಾಗಿ ಓದುತ್ತಿದ್ದರು. ಮುಗಿದ ಮೇಲೆ "ಊಟ ಮಾಡಿದ್ಯಾ?" ಅಂತ ಕೇಳುತ್ತಿದ್ದರು. ನಾನು "ಆಮೆನ್" ಕೂಡ ಅನ್ನದ ಸಂಜೆಗಳಿದ್ದವು. ಅವರೇ "ಆಮೆನ್" ಹೇಳಿ ಎದ್ದು ಹೋಗುತ್ತಿದ್ದರು. ಆ ದಿನಗಳಲ್ಲಿ ನನ್ನ ಪಾಲಿನ ಗುರಾಣಿಯನ್ನು ಅವರು ಹಿಡಿದಿದ್ದರು ಅಂತ ನಾನು ನಂಬುತ್ತೇನೆ.

ಆದ್ದರಿಂದ ಮಾತು ಬರದಿದ್ದರೆ ಕೀರ್ತನೆಗಳ ಮಾತನ್ನೇ ತೆಗೆದುಕೊಳ್ಳಿ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠದವರಿಗೆ ಮಲಗುವ ಮುಂಚೆ ಪ್ರತಿದಿನ 4, 91 ಮತ್ತು 134ನೇ ಕೀರ್ತನೆ ಹೇಳಬೇಕು ಅಂತ ನಿಯಮ ಮಾಡಿದ್ದರು. ರಾತ್ರಿಯ ಭಯ ಹಳೆಯದು, ಅದಕ್ಕೆ ಈ ಉತ್ತರವೂ ಹಳೆಯದು. 91ನ್ನು ಮಾತ್ರ ತಾಯಿತದ ಹಾಗೆ ಬಳಸಬೇಡಿ. ದೇವಾಲಯದ ತುದಿಯಿಂದ ಧುಮುಕು ಅಂತ ಯೇಸುವಿಗೆ ಹೇಳಿದಾಗ ಸೈತಾನ ಎತ್ತಿ ಆಡಿದ್ದು ಇದೇ ಕೀರ್ತನೆಯ ಸಾಲನ್ನು. ಇಕ್ಕಟ್ಟಿನಲ್ಲಿ ಜೊತೆಗಿರುತ್ತೇನೆ ಅಂತ ದೇವರು ಹೇಳುವುದೂ ಅದರ ಕೊನೆಯಲ್ಲೇ. ಅಂದರೆ ಇಕ್ಕಟ್ಟು ಬರುತ್ತದೆ.

91 ಹೇಳುವಷ್ಟೂ ಧೈರ್ಯ ಇಲ್ಲದ ದಿನ 88 ಓದಿ. ಅದರಲ್ಲಿ ಸಮಾಧಾನದ ಒಂದು ತಿರುವೂ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಸತ್ಯವೇದದಲ್ಲಿದೆ, ಅದೂ ಪ್ರಾರ್ಥನೆಯೇ. ಕಥೋಲಿಕ ಸಭೆಯ ರಾತ್ರಿ ಪ್ರಾರ್ಥನೆಯಲ್ಲಿ ಶುಕ್ರವಾರಕ್ಕೆ ಇಟ್ಟಿರುವುದು ಅದನ್ನೇ.

ಶರೀರವನ್ನೂ ಮರೆಯಬೇಡಿ. ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ಪ್ರವಾದಿ ಎಲೀಯ ಅಡವಿಯಲ್ಲಿ ಮಲಗಿದಾಗ ದೇವದೂತ ಬೈಯಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ ತಿನ್ನಿಸಿದ. ದೇವರ ಮಾತು ಕೇಳಿದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ನಿದ್ದೆ ಕೆಟ್ಟು, ಊಟ ಸೇರದೆ, ಬದುಕೇ ಬೇಡ ಅನಿಸುತ್ತಿದ್ದರೆ ದಯವಿಟ್ಟು ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದು ಅಪನಂಬಿಕೆ ಅಲ್ಲವೇ ಅಲ್ಲ. ಕಾಣಿಕೆ ಇಟ್ಟರೆ ದುರಾತ್ಮ ಬಿಡಿಸುತ್ತೇವೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ.

ಮೊದಲು ಹೇಳಿಕೊಂಡವರು ನೋಯಿಸಿದರು ಅಂತ ಎಲ್ಲರಿಂದ ದೂರ ಆಗಬೇಡಿ. ನಿಮ್ಮ ಸಭೆಯಲ್ಲಿ ಕಷ್ಟ ಕಂಡ, ಬೇಗ ತೀರ್ಪು ಕೊಡದ ಒಬ್ಬರಾದರೂ ಇರುತ್ತಾರೆ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಅವರನ್ನು ಬದಿಗೆ ಕರೆದು, "ನನಗೆ ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ, ನನಗೋಸ್ಕರ ನೀವು ಮಾಡ್ತೀರಾ?" ಅಂತ ಕೇಳಿ. ಅಷ್ಟು ಸಾಕು. ಮಿಕ್ಕಿದ್ದನ್ನೆಲ್ಲ ಅವತ್ತೇ ಬಿಡಿಸಿ ಹೇಳಬೇಕಾಗಿಲ್ಲ.