ಅಚ್ಚಿನದ್ದು ಸರಿಯೋ, ಕೈಬರಹದ್ದೋ?

ಪ್ರಶ್ನೆ: ಎಂ.ಎ. ಇಂಗ್ಲಿಷ್ ಓದುತ್ತಿದ್ದೇನೆ. 16ನೇ ಶತಮಾನದ ಇಂಗ್ಲಿಷ್ ಕವಿ ಥಾಮಸ್ ವ್ಯಾಟ್‌ನ ‘ದೇ ಫ್ಲೀ ಫ್ರಮ್ ಮಿ’ ಕವಿತೆ ಎರಡು ಪುಸ್ತಕಗಳಲ್ಲಿ ಎರಡು ಥರ ಇದೆ. ಒಂದು ಹಳೆಯ ಅಚ್ಚಿನ ಪಾಠ (ಅಂದರೆ ಅಚ್ಚಾದ ರೂಪ), ಇನ್ನೊಂದು ಕೈಬರಹದ್ದು ಅಂತಾರೆ. ಯಾರೋ ನಕಲು ಮಾಡಿಕೊಂಡದ್ದಕ್ಕಿಂತ ಅಚ್ಚಾದದ್ದೇ ಸರಿ ಅಲ್ವಾ?
– ಓದುಗಿ, ಧಾರವಾಡ

ಉತ್ತರ: ಈ ಕವಿತೆಯ ಮಟ್ಟಿಗೆ ನಾನು ಕೈಬರಹದ ಪಕ್ಷ. ವ್ಯಾಟ್ ತೀರಿಕೊಂಡಿದ್ದು 1542ರಲ್ಲಿ. ಪ್ರಕಾಶಕ ರಿಚರ್ಡ್ ಟಾಟಲ್ ಅವನ ಕವಿತೆಗಳನ್ನು ಅಚ್ಚು ಹಾಕಿದ್ದು 1557ರಲ್ಲಿ. ಬೇಡ ಅನ್ನಲು ಕವಿಯೇ ಇರಲಿಲ್ಲ. ಸಾಲುಗಳನ್ನು ತಿದ್ದಿಬಿಟ್ಟರು.

‘ಅದು ಕನಸಲ್ಲ, ಎಚ್ಚರವಾಗಿಯೇ ಮಲಗಿದ್ದೆ’ ಅನ್ನುವ ಸಾಲು ನೋಡಿ. ಅಚ್ಚಿನಲ್ಲಿ ನಡುವೆ ಒಂದು ‘ಫಾರ್’ ಸೇರಿಕೊಂಡಿದೆ. ಕನಸಲ್ಲ, ಯಾಕೆಂದರೆ ಎಚ್ಚರವಿದ್ದೆ, ಅಂತ. ಲಯ ನೇರವಾಯಿತು ನಿಜ. ಆದರೆ ಉಸಿರು ಕಟ್ಟಿ ಹೇಳಿದ ಮಾತು ವಿವರಣೆ ಆಗಿಹೋಯಿತು. ಮುಂದೆ ‘ಸ್ಟ್ರೇಂಜ್’ (ವಿಚಿತ್ರ) ಇದ್ದ ಕಡೆ ‘ಬಿಟರ್’ ಬಂದಿದೆ. ಪ್ರೇಯಸಿ ಬಿಟ್ಟುಹೋದ ರೀತಿ ಕವಿತೆಯಲ್ಲಿ ಮಾತಾಡುವವನಿಗೆ ಅರ್ಥವೇ ಆಗುತ್ತಿಲ್ಲ. ಅದು ಮೊದಲಿನ ಪದದಲ್ಲಿದೆ, ‘ಕಹಿ’ಯಲ್ಲಿ ಇಲ್ಲ. ಕಾಲೇಜಿನಲ್ಲಿ ನಾನು ಓದಿದ್ದು ಅಚ್ಚಿನ ಪಾಠವನ್ನೇ. ಎಷ್ಟೋ ವರ್ಷದ ಮೇಲೆ ಆ ‘ಫಾರ್’ ಇಲ್ಲದ ಸಾಲು ಕಣ್ಣಿಗೆ ಬಿದ್ದಾಗ ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ.

ಈ ಸಾಲುಗಳು ಉಳಿದಿರುವುದು ಎಗರ್ಟನ್ ಹಸ್ತಪ್ರತಿಯಲ್ಲಿ. ಅದು ವ್ಯಾಟ್‌ನದೇ ಪುಸ್ತಕ, ಅವನ ಕೈಬರಹವೂ ಅದರಲ್ಲಿದೆ. ಇದೇ ಕವಿತೆ ಡೆವನ್‌ಶೈರ್ ಹಸ್ತಪ್ರತಿಯಲ್ಲೂ ಸಿಗುತ್ತದೆ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಆಸ್ಥಾನದ ಗೆಳತಿಯರು, ಗೆಳೆಯರು 1530ರ ದಶಕದಲ್ಲಿ ಕೈಯಿಂದ ಕೈಗೆ ದಾಟಿಸುತ್ತ, ಮೆಚ್ಚಿದ ಪದ್ಯ ಬರೆದಿಟ್ಟುಕೊಂಡ ಪುಸ್ತಕ ಅದು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಅದರ ಒಂದು ಹಾಳೆ ನನಗೆ ತುಂಬಾ ಇಷ್ಟ. ಅಲ್ಲೊಂದು ಪ್ರೇಮಕವಿತೆ ಇದೆ. ಅದರ ಒಂದೊಂದು ಚರಣದ ಮೊದಲ ಅಕ್ಷರ ಕೂಡಿಸಿದರೆ ‘ಶೆಲ್ಟನ್’ ಅಂತ ಬರುತ್ತದೆ. ಮೇರಿ ಶೆಲ್ಟನ್ ಆ ಗೆಳತಿಯರಲ್ಲಿ ಒಬ್ಬಳು. ಪಕ್ಕದಲ್ಲಿ ರಾಜನ ಸೋದರ ಸೊಸೆ ಮಾರ್ಗರೆಟ್ ಡಗ್ಲಸ್ ‘ಮರೆತುಬಿಡು ಇದನ್ನ’ ಅಂತ ಗೀಚಿದ್ದಾಳೆ. ಅದಕ್ಕೆ ಮೇರಿಯ ಉತ್ತರವನ್ನು ‘ಇದಕ್ಕೆ ಬೆಲೆ ಇದೆ’ ಅಂತ ಓದುತ್ತಾರೆ. ಸುಮಾರು 500 ವರ್ಷದ ಹಿಂದಿನ ಇಬ್ಬರು ಹುಡುಗಿಯರ ಪಿಸುಮಾತು ಅದು! ಅಚ್ಚಿನ ಪುಸ್ತಕದಲ್ಲಿ ಇದಕ್ಕೆಲ್ಲ ಜಾಗ ಎಲ್ಲಿತ್ತು?

ಹಾಗಂತ ನಕಲು ಮಾಡುವವರು ತಪ್ಪುವುದಿಲ್ಲ ಅಂತಲ್ಲ. ಪದ ಬಿಡುತ್ತಾರೆ, ಕವಿಯ ಹೆಸರು ಬರೆಯುವುದಿಲ್ಲ, ತಮಗೆ ಬೇಕಾದಂತೆ ಸಾಲು ತಿರುಗಿಸುತ್ತಾರೆ. ಆದರೆ ವ್ಯಾಟ್ ನಂತರದ ಇಂಗ್ಲಿಷ್ ಕವಿ ಜಾನ್ ಡನ್‌ನನ್ನು ನೋಡಿ. ಅವನ ಕವಿತೆಗಳ ಸಂಗ್ರಹ ಅಚ್ಚಾಗಿದ್ದು 1633ರಲ್ಲಿ, ಅವನು ಸತ್ತು ಎರಡು ವರ್ಷದ ಮೇಲೆ. ಅವನ ಸ್ವಂತ ಕೈಬರಹದಲ್ಲಿ ನಮಗೆ ಸಿಕ್ಕಿರುವ ಇಂಗ್ಲಿಷ್ ಕವಿತೆ ಒಂದೇ ಒಂದು. ಸಂಗ್ರಹ ಅಚ್ಚಾಗುವವರೆಗೆ ಅವನ ಕವಿತೆಗಳನ್ನು ಕಾಪಾಡಿದ್ದು ಇಂಥ ನಕಲುಗಾರರೇ.

ಪರೀಕ್ಷೆಯಲ್ಲಿ ಬರೆಯುವಾಗ ಯಾವ ಪಾಠ ಬಳಸಿದ್ದೀರಿ ಅಂತ ಮೊದಲೇ ಒಂದು ಸಾಲು ಹಾಕಿ. ಎರಡನ್ನೂ ಅಕ್ಕಪಕ್ಕ ಇಟ್ಟು ಜೋರಾಗಿ ಓದಿಕೊಳ್ಳಿ. ಆ ‘ಫಾರ್’ ಎಲ್ಲಿ ಅಡ್ಡ ಬರುತ್ತದೆ ಅಂತ ನಿಮ್ಮ ಕಿವಿಗೇ ಗೊತ್ತಾಗುತ್ತದೆ.